ಶಾಲೆಗೆ ಸೇರುವ ವಯಸ್ಸು ಮತ್ತು ಕಲಿಕೆಯ ತೊಡಕು



ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯ ಹಿರಿಯರನ್ನು "ನಿಮ್ಮನ್ನು ಶಾಲೆಗೆ ಸೇರಿಸಿಕೊಂಡದ್ದು ಹೇಗೆ?" ಎಂದು ಕೇಳಿ ನೋಡಿ. ಅನೇಕರು ಒಂದೇ ಉತ್ತರ ಕೊಡುತ್ತಾರೆ. ಮೇಷ್ಟ್ರು ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು, ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಮುಟ್ಟು ಎನ್ನುತ್ತಿದ್ದರು. ಬೆರಳಿಗೆ ಕಿವಿ ಸಿಕ್ಕಿದರೆ ಹುಡುಗ ಶಾಲೆಗೆ ಸೇರಿದ ಹಾಗೆ. ಸಿಗದಿದ್ದರೆ "ಬರುವ ವರ್ಷ ಕರಕೊಂಡು ಬಾರಮ್ಮ" ಎಂದು ತಾಯಿಯನ್ನು ಹಿಂದಕ್ಕೆ ಕಳಿಸುತ್ತಿದ್ದರು. ಹುಟ್ಟಿದ ದಿನವನ್ನು ಬರೆದಿಡುವ ರೂಢಿ ಎಷ್ಟೋ ಮನೆಗಳಲ್ಲಿ ಇರಲಿಲ್ಲ. "ಆ ಬರಗಾಲದ ವರ್ಷ", "ಜಾತ್ರೆ ಮುಗಿದ ಎಂಟನೇ ದಿನ" ಎಂದು ತಾಯಿ ಹೇಳಿದ್ದನ್ನು ಕೇಳಿಕೊಂಡು ಮೇಷ್ಟ್ರೇ ಒಂದು ತಾರೀಖನ್ನು ಗೊತ್ತುಮಾಡಿ ದಾಖಲಾತಿ ಪುಸ್ತಕದಲ್ಲಿ ಬರೆಯುತ್ತಿದ್ದರು. ನಮ್ಮ ತಲೆಮಾರಿನ ಎಷ್ಟೋ ಜನರ ಜನ್ಮದಿನ ದಾಖಲೆಯಲ್ಲಿ ಶಾಲೆ ತೆರೆಯುವ ತಿಂಗಳ ಆಸುಪಾಸಿನಲ್ಲೇ ಬಿದ್ದಿರುವುದಕ್ಕೆ ಇದೇ ಕಾರಣ.

ಕಿವಿ ಮುಟ್ಟಿಸುವ ಪರೀಕ್ಷೆ ಶಾಸ್ತ್ರೀಯವಾದುದಲ್ಲ. ಕೈ ಉದ್ದವಿದ್ದ ಮಗು ಬೇಗ ಸೇರುತ್ತಿತ್ತು, ಗಿಡ್ಡ ಮಗು ಒಂದು ವರ್ಷ ಮನೆಯಲ್ಲಿ ಉಳಿಯುತ್ತಿತ್ತು. ಆದರೂ ಅದರ ಹಿಂದೆ ಒಂದು ತಿಳಿವಳಿಕೆ ಇತ್ತು. ಐದು ವರ್ಷದ ಮಗುವಿಗೂ ಆರೂವರೆ ವರ್ಷದ ಮಗುವಿಗೂ ಬಹಳ ವ್ಯತ್ಯಾಸವಿದೆ ಎಂಬುದನ್ನು ಆ ಮೇಷ್ಟ್ರು ಬಲ್ಲವರಾಗಿದ್ದರು. ಇಂದು ನಮ್ಮ ಕೈಯಲ್ಲಿ ಜನನ ಪ್ರಮಾಣಪತ್ರವಿದೆ, ದಿನ, ತಿಂಗಳು, ವರ್ಷ ಎಲ್ಲವೂ ಅದರಲ್ಲಿದೆ. ಆದರೆ ಆ ತಾರೀಖನ್ನು ನಾವು ನೋಡುವುದು ದಾಖಲಾತಿಯ ದಿನ ಮಾತ್ರ. ಮುಂದೆ ಮಗು ಓದಿನಲ್ಲಿ ಹಿಂದೆ ಬಿದ್ದಾಗ ಅದನ್ನು ಮತ್ತೆ ತೆಗೆದು ನೋಡುವವರು ಕಡಮೆ. ಶಾಲೆಗೆ ಸೇರಿದ ವಯಸ್ಸಿಗೂ ಮಗುವಿನ ಕಲಿಕೆಯ ತೊಡಕನ್ನು ನಾವು ಗುರುತಿಸುವುದಕ್ಕೂ ಇರುವ ಸಂಬಂಧವೇ ಈ ಹೊತ್ತಿನ ನನ್ನ ಮಾತಿನ ವಿಷಯ.

ಮೊದಲಿಗೆ ಕಲಿಕೆಯ ತೊಡಕು ಎಂದರೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಕೆಲವು ಮಕ್ಕಳ ಬುದ್ಧಿ ಚುರುಕಾಗಿಯೇ ಇರುತ್ತದೆ. ಕಣ್ಣು, ಕಿವಿ ಚೆನ್ನಾಗಿರುತ್ತವೆ. ಸಂತೆಗೆ ಹೋಗಿ ಸಾಮಾನು ತರುತ್ತಾರೆ, ಕೇಳಿದ ಕಥೆಯನ್ನು ಒಂದೂ ಬಿಡದೆ ಹೇಳುತ್ತಾರೆ. ಆದರೆ ಅಕ್ಷರವನ್ನು ಓದುವುದು, ಕಾಗುಣಿತ ತಪ್ಪದೆ ಬರೆಯುವುದು ಅಥವಾ ಲೆಕ್ಕ ಮಾಡುವುದು, ಇವುಗಳಲ್ಲಿ ಯಾವುದಾದರೂ ಒಂದು ಅವರಿಗೆ ವರ್ಷಗಟ್ಟಲೆ ಕಲಿಸಿದರೂ ಒಲಿಯುವುದಿಲ್ಲ. ಇದನ್ನು ನಿರ್ದಿಷ್ಟ ಕಲಿಕಾ ನ್ಯೂನತೆ ಎನ್ನುತ್ತಾರೆ. ಓದಿಗೆ ಸಂಬಂಧಿಸಿದ್ದನ್ನು ಡಿಸ್ಲೆಕ್ಸಿಯಾ ಎಂದು ಕರೆಯುವುದನ್ನು ತಾವು ಕೇಳಿರಬಹುದು. ಇದು ಸೋಮಾರಿತನವಲ್ಲ, ದಡ್ಡತನವಲ್ಲ, ತಾಯಿ-ತಂದೆಯರ ತಪ್ಪೂ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಹೆಸರಿಸಿದ 21 ಬಗೆಯ ನ್ಯೂನತೆಗಳಲ್ಲಿ ಇದೂ ಒಂದು.

ಈಗ ತೊಂದರೆ ಎಲ್ಲಿ ಬರುತ್ತದೆಂದರೆ, ವಯಸ್ಸು ಸಾಲದ ಮಗುವೂ ನಿಜವಾದ ತೊಡಕಿರುವ ಮಗುವೂ ಒಂದನೇ ತರಗತಿಯಲ್ಲಿ ನೋಡುವುದಕ್ಕೆ ಒಂದೇ ರೀತಿ ಕಾಣುತ್ತವೆ. ಎರಡೂ ಅಕ್ಷರವನ್ನು ಮರೆಯುತ್ತವೆ, ಎರಡೂ ಪುಸ್ತಕ ಕಂಡರೆ ದೂರ ಸರಿಯುತ್ತವೆ. ಈ ಎರಡನ್ನೂ ಬೇರೆ ಮಾಡಿ ನೋಡಲಾರದೆ ನಾನೇ ಮಾಡಿದ ಎರಡು ತಪ್ಪುಗಳನ್ನು ತಮ್ಮ ಮುಂದೆ ಹೇಳುತ್ತೇನೆ. ತುರುವೇಕೆರೆ ತಾಲ್ಲೂಕಿನ ಹಳ್ಳಿಗಳಲ್ಲಿ ಪಾಠ ಹೇಳಿದವನು ನಾನು. ಮಕ್ಕಳ ಹೆಸರು, ಊರು ಇಲ್ಲಿ ಬೇಡ.

ಮೊದಲನೆಯವನು ಒಬ್ಬ ಹುಡುಗ. ತಾಯಿ ಕಾಯಿ ಸುಲಿಯುವ ಕಡೆ, ನಾರಿನ ಕಡೆ ಕೂಲಿಗೆ ಹೋಗುವವಳು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಅಕ್ಕನ ಜೊತೆಯಲ್ಲಿ ಅವನನ್ನೂ ಕಳಿಸಿದರು. ವಯಸ್ಸನ್ನು ಕೆಲವು ತಿಂಗಳು ಮುಂದಕ್ಕೆ ಹಾಕಿಸಿ ಹೆಸರು ದಾಖಲಾಯಿತು. ಅವನು ಒಂದು ಕಡೆ ಕೂರುತ್ತಿರಲಿಲ್ಲ. ಬಳಪ ಹಿಡಿದರೆ ಗೀಟು ಸರಿಯಾಗಿ ಬರುತ್ತಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಗೋಡೆಗೆ ಒರಗಿ ನಿದ್ದೆ. ಎರಡನೇ ತರಗತಿಯ ಹೊತ್ತಿಗೆ ನಾನು ಅವನ ತಾಯಿಯನ್ನು ಕರೆಸಿ, "ಇವನಿಗೆ ಓದು ಹತ್ತುವುದಿಲ್ಲಮ್ಮ, ಏನೋ ತೊಂದರೆ ಇದೆ" ಎಂದುಬಿಟ್ಟೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಮೇಷ್ಟ್ರೇ, ಇವ್ನ ಜೊತೆ ಹುಡುಗರಿಗೆಲ್ಲ ಹಲ್ಲು ಬಿದ್ದು ಹೊಸಾವು ಹುಟ್ಟವೆ. ಇವ್ನಿಗಿನ್ನೂ ಒಂದು ಹಲ್ಲೂ ಅಳ್ಳಾಡಿಲ್ಲ." ಓದು ಬರಹ ಬಾರದ ಆ ತಾಯಿ ನನಗಿಂತ ಚೆನ್ನಾಗಿ ಲೆಕ್ಕ ಹಾಕಿದ್ದಳು. ತರಗತಿಯ ಉಳಿದ ಮಕ್ಕಳಿಗಿಂತ ಅವನು ಒಂದು ವರ್ಷಕ್ಕೂ ಹೆಚ್ಚು ಚಿಕ್ಕವನಾಗಿದ್ದ. ಮೂರನೇ ತರಗತಿ ಮುಗಿಯುವುದರೊಳಗೆ ಅವನು ತಡವರಿಸದೆ ಓದಿದ. ಅಷ್ಟರಲ್ಲಿ "ಓದು ಹತ್ತದವನು" ಎಂಬ ನನ್ನ ಮಾತು ಊರಲ್ಲೆಲ್ಲ ಹರಡಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ನನ್ನಿಂದ ಆಗಲಿಲ್ಲ.

ಎರಡನೆಯವಳು ಒಬ್ಬ ಹುಡುಗಿ. ತಮ್ಮನನ್ನು ಎತ್ತಿಕೊಂಡು ನೋಡಿಕೊಳ್ಳುವುದಕ್ಕೆಂದು ಮನೆಯಲ್ಲಿ ಉಳಿಸಿಕೊಂಡು, ಹೆಚ್ಚುಕಡಮೆ ಏಳು ತುಂಬಿದ ಮೇಲೆ ಶಾಲೆಗೆ ಕಳಿಸಿದರು. ಒಂದನೇ ತರಗತಿಯಲ್ಲಿ ಎಲ್ಲರಿಗಿಂತ ಎತ್ತರ, ಎಲ್ಲರಿಗಿಂತ ಗಂಭೀರ. ಹಲಗೆಯ ಮೇಲೆ ಬರೆದದ್ದನ್ನು ಮುತ್ತಿನಂತೆ ನಕಲು ಮಾಡುತ್ತಿದ್ದಳು. ಪದ್ಯ, ಪಾಠ ಎಲ್ಲವೂ ಬಾಯಿಪಾಠ. ಪುಸ್ತಕವನ್ನು ಎದುರಿಗೆ ಹಿಡಿದು ಬೆರಳಿಟ್ಟು ಓದಿದಂತೆಯೇ ಹೇಳುತ್ತಿದ್ದಳು. ನಾನು ಚಿಕ್ಕ ಮಕ್ಕಳನ್ನು ಅವಳ ಪಕ್ಕದಲ್ಲಿ ಕೂರಿಸಿ "ಅಕ್ಕನನ್ನು ನೋಡಿ ಕಲಿಯಿರಿ" ಎನ್ನುತ್ತಿದ್ದೆ. ಐದನೇ ತರಗತಿಯಲ್ಲಿ ಒಂದು ದಿನ ಪಾಠಪುಸ್ತಕ ಬಿಟ್ಟು ಬೇರೊಂದು ಕಥೆಪುಸ್ತಕವನ್ನು ಅವಳ ಕೈಗೆ ಕೊಟ್ಟೆ. ಅವಳು ಚಿತ್ರ ನೋಡಿದಳು, ನನ್ನ ಮುಖ ನೋಡಿದಳು, ಒಂದು ಪದವನ್ನೂ ಓದಲಿಲ್ಲ. ನಾಲ್ಕು ವರ್ಷ ಅವಳು ಓದಿರಲೇ ಇಲ್ಲ. ಅವಳ ತೊಡಕನ್ನು ಅವಳ ವಯಸ್ಸು ಮುಚ್ಚಿಹಾಕಿತ್ತು. ನಾವು ಸಹಾಯಕ್ಕೆ ಹೊರಟಾಗ ಹೊತ್ತು ಮೀರಿತ್ತು. ಏಳನೇ ತರಗತಿಯ ನಂತರ ಅವಳು ಶಾಲೆ ಬಿಟ್ಟಳು.

ಚಿಕ್ಕ ಮಗುವಿನಲ್ಲಿ ಇಲ್ಲದ ತೊಡಕನ್ನು ಕಂಡೆವು, ದೊಡ್ಡ ಮಗುವಿನಲ್ಲಿ ಇದ್ದ ತೊಡಕನ್ನು ಕಾಣದೆ ಹೋದೆವು. ಎರಡು ತಪ್ಪಿಗೂ ಕಾರಣ ಒಂದೇ. ನಾವು ಮಗುವನ್ನು ತರಗತಿಗೆ ಹೋಲಿಸಿದೆವು, ಅದರ ವಯಸ್ಸಿಗೆ ಹೋಲಿಸಲಿಲ್ಲ.

ಇದು ಒಬ್ಬ ಹಳ್ಳಿ ಮೇಷ್ಟ್ರ ಅನುಭವ ಮಾತ್ರವೇ ಎಂಬ ಅನುಮಾನ ತಮಗೆ ಬರಬಹುದು. ಅಲ್ಲ. ಜನನದ ದಾಖಲೆಗಳು ಕರಾರುವಾಕ್ಕಾಗಿರುವ ದೇಶಗಳಲ್ಲಿ ಇದನ್ನು ಎಣಿಸಿ ನೋಡಿದ್ದಾರೆ. ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಶಾಲಾ ವಯಸ್ಸಿನ ಲೆಕ್ಕ ಡಿಸೆಂಬರ್ 31ಕ್ಕೆ ಕೊನೆಯಾಗುತ್ತದೆ. ಹೀಗಾಗಿ ಡಿಸೆಂಬರಿನಲ್ಲಿ ಹುಟ್ಟಿದವರು ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವರು, ಜನವರಿಯಲ್ಲಿ ಹುಟ್ಟಿದವರು ಎಲ್ಲರಿಗಿಂತ ದೊಡ್ಡವರು. ಅಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ 2012ರಲ್ಲಿ ವರದಿ ಪ್ರಕಟಿಸಿದರು. ಗಮನದ ಕೊರತೆ ಮತ್ತು ಅತಿ ಚಟುವಟಿಕೆ, ಅಂದರೆ ಎ.ಡಿ.ಎಚ್.ಡಿ. ಎಂಬ ತೊಂದರೆ ಇದೆಯೆಂದು ಹೇಳಿಸಿಕೊಳ್ಳುವ ಸಂಭವ ಡಿಸೆಂಬರಿನ ಗಂಡುಮಕ್ಕಳಿಗೆ ಜನವರಿಯವರಿಗಿಂತ ಶೇಕಡಾ 30ರಷ್ಟು ಹೆಚ್ಚಾಗಿತ್ತು. ಹೆಣ್ಣುಮಕ್ಕಳಲ್ಲಿ ಅದು ಶೇಕಡಾ 70ರಷ್ಟು ಹೆಚ್ಚು. ಡಿಸೆಂಬರ್ ತಿಂಗಳಿನಲ್ಲಿ ಹುಟ್ಟುವುದು ಒಂದು ರೋಗವೇ? ಖಂಡಿತ ಅಲ್ಲ. ಚಿಕ್ಕ ಮಗುವಿನ ಚಿಕ್ಕತನವನ್ನೇ ತೊಂದರೆಯೆಂದು ಬಗೆದದ್ದರ ಫಲ ಅದು.

ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಇನ್ನಷ್ಟು ಖಚಿತಪಡಿಸಿತು. ಸೆಪ್ಟೆಂಬರ್ 1ನ್ನು ಗಡುವು ಮಾಡಿಕೊಂಡ ರಾಜ್ಯಗಳಲ್ಲಿ, ಆಗಸ್ಟಿನಲ್ಲಿ ಹುಟ್ಟಿದ 10,000 ಮಕ್ಕಳಲ್ಲಿ 85 ಮಂದಿಗೆ ಈ ತೊಂದರೆಯ ಹೆಸರು ಬಿದ್ದಿದ್ದರೆ, ಸೆಪ್ಟೆಂಬರಿನಲ್ಲಿ ಹುಟ್ಟಿದವರಲ್ಲಿ ಸುಮಾರು 64 ಮಂದಿಗೆ ಬಿದ್ದಿತ್ತು. ಆ ಗಡುವು ಇಲ್ಲದ ರಾಜ್ಯಗಳಲ್ಲಿ ಈ ಎರಡು ತಿಂಗಳ ನಡುವೆ ಹೇಳಿಕೊಳ್ಳುವಂಥ ಅಂತರವೇ ಇರಲಿಲ್ಲ. ಓದು ಬರಹದ ತೊಡಕಿಗೂ ಈ ಮಾತು ಹೊಂದುತ್ತದೆ. ಎಲಿಜಬೆತ್ ಡ್ಯೂಯಿ ಮತ್ತು ಸ್ಟೀಫನ್ ಲಿಪ್ಸ್‌ಕೂಂಬ್ ಎಂಬ ಸಂಶೋಧಕರು 2010ರಲ್ಲಿ ಅಮೆರಿಕದ ಶಾಲೆಗಳನ್ನು ಕುರಿತು ಬರೆಯುತ್ತಾ, ತರಗತಿಯಲ್ಲಿ ಮಗು ಒಂದೊಂದು ತಿಂಗಳು ದೊಡ್ಡದಾದಂತೆ ಅದನ್ನು ವಿಶೇಷ ಶಿಕ್ಷಣಕ್ಕೆ ಸೇರಿಸುವ ಸಂಭವ ಶೇಕಡಾ 2ರಿಂದ 5ರಷ್ಟು ಇಳಿಯುತ್ತದೆ ಎಂದು ತೋರಿಸಿದರು.

ಇನ್ನು ನಮ್ಮ ನಾಡಿನ ವಿಚಾರಕ್ಕೆ ಬರೋಣ. ಕರ್ನಾಟಕದಲ್ಲಿ ಒಂದನೇ ತರಗತಿಗೆ ಸೇರಲು ಐದು ವರ್ಷ ಐದು ತಿಂಗಳು ತುಂಬಿದ್ದರೆ ಸಾಕು ಎಂಬ ನಿಯಮ ಕೆಲವು ಕಾಲ ಇತ್ತು. 2022ರ ಜುಲೈ ತಿಂಗಳಿನಲ್ಲಿ ಸರ್ಕಾರ ಹೊಸ ಆದೇಶ ಹೊರಡಿಸಿ, ಜೂನ್ 1ಕ್ಕೆ ಆರು ವರ್ಷ ಪೂರ್ಣವಾಗಿರಬೇಕು ಎಂದಿತು. ಅದಾಗಲೇ ಎಲ್.ಕೆ.ಜಿ.ಗೆ ಸೇರಿದ್ದ ಮಕ್ಕಳ ತಂದೆ-ತಾಯಿಯರು ಆತಂಕಪಟ್ಟಿದ್ದರಿಂದ ಅದರ ಜಾರಿಯನ್ನು 2025-26ನೇ ಸಾಲಿಗೆ ಮುಂದೂಡಲಾಯಿತು. 2025ರ ಏಪ್ರಿಲ್‌ನಲ್ಲಿ, ಯು.ಕೆ.ಜಿ. ಮುಗಿಸಿದವರಿಗೆ ಆ ಒಂದು ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳ ಸಡಿಲಿಕೆಯನ್ನು ಮತ್ತೆ ಕೊಡಲಾಯಿತು. ಈ ಚರ್ಚೆ ನಡೆದಾಗಲೆಲ್ಲ ಮನೆಗಳಲ್ಲಿ ಕೇಳಿಬಂದ ಮಾತು ಒಂದೇ: "ಮಗುವಿನ ಒಂದು ವರ್ಷ ಹಾಳಾಗುತ್ತದೆ." ಆ ಆತಂಕ ನನಗೆ ಅರ್ಥವಾಗುತ್ತದೆ. ಒಂದು ವರ್ಷ ಹೆಚ್ಚು ಶುಲ್ಕ ಕಟ್ಟುವುದು, ಮಗುವನ್ನು ನೋಡಿಕೊಳ್ಳಲು ಕೂಲಿ ಬಿಟ್ಟು ಮನೆಯಲ್ಲಿರುವುದು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ವಯಸ್ಸು ತುಂಬದೆ ಸೇರಿದ ಮಗು "ದಡ್ಡ" ಎನಿಸಿಕೊಂಡರೆ ಹಾಳಾಗುವುದು ಒಂದು ವರ್ಷ ಮಾತ್ರವೇ ಎಂಬುದನ್ನೂ ಯೋಚಿಸಬೇಕು.

ಕನ್ನಡ ಲಿಪಿಯ ಸ್ವರೂಪವನ್ನು ಬಲ್ಲವರಿಗೆ ಈ ಮಾತು ಇನ್ನೂ ಚೆನ್ನಾಗಿ ಮನದಟ್ಟಾಗುತ್ತದೆ. ಇಂಗ್ಲಿಷಿನಲ್ಲಿ 26 ಅಕ್ಷರ. ನಮ್ಮ ವರ್ಣಮಾಲೆಯಲ್ಲಿ 49. ಕಾಗುಣಿತ, ಒತ್ತಕ್ಷರಗಳು ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನಾನೂರನ್ನು ದಾಟುತ್ತವೆ. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಅವರು ಕನ್ನಡ ಕಲಿಯುವ ಮಕ್ಕಳನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅಕ್ಷರಗಳ ಪೂರ್ಣ ಪರಿಚಯ ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ, ಮೂರು ನಾಲ್ಕನೇ ತರಗತಿಯವರೆಗೂ ನಡೆಯುತ್ತಿರುತ್ತದೆ ಎಂದು ತೋರಿಸಿದ್ದಾರೆ. ಎರಡನೇ ತರಗತಿಯ ಮಗು "ಹಣ್ಣು" ಎಂಬುದನ್ನು "ಹಣು" ಎಂದು ಬರೆದರೆ, "ಸೂರ್ಯ" ಎಂಬಲ್ಲಿ ಅರ್ಕಾವತ್ತನ್ನು ಬಿಟ್ಟರೆ, ಮ-ವ, ಪ-ಷ, ಥ-ಧ ಅಕ್ಷರಗಳನ್ನು ಅದಲುಬದಲು ಮಾಡಿದರೆ ಕೂಡಲೇ ಗಾಬರಿಯಾಗಬೇಕಿಲ್ಲ. ನಮ್ಮ ಕಡೆ ಮನೆಮಾತಿನಲ್ಲಿ "ಹಾಲು" ಎಂಬುದು "ಆಲು" ಆಗುತ್ತದೆ, ಮಗು ಹಾಗೆಯೇ ಬರೆಯಬಹುದು. ಅದು ಊರಿನ ನುಡಿ, ನ್ಯೂನತೆಯಲ್ಲ. ಉರ್ದು, ತೆಲುಗು, ಲಂಬಾಣಿ ಮನೆಮಾತಿನ ಮಕ್ಕಳಿಗೆ ಇನ್ನೂ ಹೆಚ್ಚಿನ ಕಾಲಾವಕಾಶ ಬೇಕು.

ಹಾಗಾದರೆ ಕಾಯುತ್ತಾ ಕೂರುವುದೇ? ಇಲ್ಲಿ ಬಹಳ ಎಚ್ಚರ ಬೇಕು. ತಡವಾಗಿ ಸೇರಿಸಿದರೆ ತೊಡಕು ಬರುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಫಿನ್ಲೆಂಡ್ ದೇಶದಲ್ಲಿ ಮಕ್ಕಳು ಒಂದನೇ ತರಗತಿಗೆ ಸೇರುವುದು ಏಳನೇ ವಯಸ್ಸಿನಲ್ಲಿ. ಅಲ್ಲಿಯೂ ಡಿಸ್ಲೆಕ್ಸಿಯಾ ಇರುವ ಮಕ್ಕಳಿದ್ದಾರೆ. ಅಲ್ಲಿನ ಯುವಾಸ್ಕುಲಾ ವಿಶ್ವವಿದ್ಯಾನಿಲಯದ ಸಂಶೋಧಕರು, ಓದಿನ ತೊಡಕು ಇದ್ದ ಮನೆತನಗಳ ಮಕ್ಕಳನ್ನು ಹುಟ್ಟಿದಂದಿನಿಂದ ವರ್ಷಾನುಗಟ್ಟಲೆ ಗಮನಿಸಿದರು. ಮುಂದೆ ಓದಿನಲ್ಲಿ ತೊಡಕು ಕಂಡ ಅನೇಕ ಮಕ್ಕಳಲ್ಲಿ, ಶಾಲೆಗೆ ಸೇರುವ ಮೊದಲೇ ಅಕ್ಷರದ ಹೆಸರು ನೆನಪಿಡುವುದರಲ್ಲಿ, ಮಾತಿನ ಧ್ವನಿಗಳನ್ನು ಬಿಡಿಸಿ ಗುರುತಿಸುವುದರಲ್ಲಿ ನಿಧಾನ ಕಂಡಿತ್ತು. ಅಂದರೆ ತೊಡಕು ಶಾಲೆಯಿಂದ ಹುಟ್ಟುವುದಲ್ಲ, ವಯಸ್ಸಿನಿಂದ ಮಾಯವಾಗುವುದೂ ಅಲ್ಲ. ಸರಿಯಾದ ವಯಸ್ಸಿನಲ್ಲಿ ಸೇರಿಸುವುದರಿಂದ ಆಗುವ ಲಾಭವೇನೆಂದರೆ, ಬರಿಯ ಚಿಕ್ಕತನದ ಗೊಂದಲ ಕಡಮೆಯಾಗಿ ನಿಜವಾದ ತೊಡಕು ಎದ್ದು ಕಾಣುತ್ತದೆ. ಆದರೆ ಕಾಣಬೇಕಾದರೆ ನೋಡುವವರು ಬೇಕು.

ನಮ್ಮ ಸೀಮೆಯ ರೈತರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿಯನ್ನು ನಾಲ್ಕು ತಿಂಗಳಿಗೇ ಇಳಿಸಿ ಒಡೆದರೆ ಒಳಗೆ ಇನ್ನೂ ನೀರು. ಅದನ್ನು ಕೆಟ್ಟ ಕಾಯಿ ಎನ್ನಲಾಗುವುದಿಲ್ಲ, ನಾವು ಒಡೆದದ್ದು ಬೇಗ. ಹತ್ತು-ಹನ್ನೆರಡು ತಿಂಗಳು ಕಳೆದು, ಅಲ್ಲಾಡಿಸಿದಾಗ ಒಳಗೆ ಕೊಬ್ಬರಿ ಲೊಡಲೊಡ ಎಂದರೆ ಆಗ ಹದ. ಹಾಗೆಂದು ಅಟ್ಟಕ್ಕೆ ಹಾಕಿ ಯಾರೂ ಮರೆಯುವುದಿಲ್ಲ. ನಡುನಡುವೆ ಹತ್ತಿ ನೋಡುತ್ತಾರೆ, ಕೆಟ್ಟ ವಾಸನೆ ಬಂದ ಕಡೆ ಕಾಯಿ ಆರಿಸುತ್ತಾರೆ. ತಾಳ್ಮೆಯೂ ಬೇಕು, ನಿಗಾವೂ ಬೇಕು. ಕಾಯಿಗೆ ಕೊಡುವ ನಿಗಾ ನಮ್ಮ ಮಕ್ಕಳಿಗೂ ಸಲ್ಲಬೇಕಲ್ಲವೆ?

ಈ ನಿಗಾಕ್ಕೆ ಒಂದು ಕಾಲಮಿತಿ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1991ರಲ್ಲಿ ರೂಪಿಸಿದ ಕಲಿಕಾ ನ್ಯೂನತೆಯ ಪರೀಕ್ಷೆಗಳಲ್ಲಿ ಎರಡು ಹಂತಗಳಿವೆ. ಐದರಿಂದ ಏಳು ವರ್ಷದವರಿಗೆ ಒಂದು, ಎಂಟರಿಂದ ಹನ್ನೆರಡರವರಿಗೆ ಇನ್ನೊಂದು. ಮೊದಲ ಹಂತದಲ್ಲಿ ನೋಡುವುದು ಗಮನ, ಕಂಡದ್ದನ್ನು ಕೇಳಿದ್ದನ್ನು ಗುರುತಿಸುವುದು, ನೆನಪು, ಮಾತು, ಕೈಚಳಕ ಮುಂತಾದ ಸಿದ್ಧತೆಯ ಕೌಶಲಗಳನ್ನು. ಓದು, ಕಾಗುಣಿತ, ಲೆಕ್ಕಗಳ ವಿಸ್ತಾರವಾದ ಪರೀಕ್ಷೆ ಎರಡನೇ ಹಂತದ್ದು. ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದೇ ಜಾಡಿನದು. ಮೂರನೇ ತರಗತಿ ಅಥವಾ ಎಂಟು ವರ್ಷ, ಇವೆರಡರಲ್ಲಿ ಯಾವುದು ಮೊದಲೋ ಆಗ ಶಾಲೆಯಲ್ಲಿ ಶಿಕ್ಷಕರು ತಪಾಸಣೆ ಮಾಡಬೇಕು, ಪ್ರಮಾಣಪತ್ರ ಕೊಡುವುದು ಎಂಟು ತುಂಬಿದ ಮೇಲೆ ಎಂದು ಅದು ಹೇಳಿತು.

ಈ ಎಂಟು ವರ್ಷವನ್ನೂ ಮೂರನೇ ತರಗತಿಯನ್ನೂ ಒಟ್ಟಿಗೆ ಇಟ್ಟು ಲೆಕ್ಕ ಹಾಕಿ ನೋಡಿ. ಐದು ವರ್ಷ ಐದು ತಿಂಗಳಿಗೆ ಸೇರಿದ ಮಗು ಮೂರನೇ ತರಗತಿಗೆ ಬಂದಾಗ ಅದಕ್ಕೆ ಏಳು ವರ್ಷ ಐದು ತಿಂಗಳು. ತಪಾಸಣೆಯ ತರಗತಿ ಬಂದಿದೆ, ಪ್ರಮಾಣಪತ್ರದ ವಯಸ್ಸು ಬಂದಿಲ್ಲ. ಆರು ವರ್ಷ ಹನ್ನೊಂದು ತಿಂಗಳಿಗೆ ಸೇರಿದ ಮಗುವಿಗೆ ಎರಡನೇ ತರಗತಿಯ ಆರಂಭದಲ್ಲೇ ಎಂಟು ತುಂಬುತ್ತದೆ. ಅದಕ್ಕೆ ಮೂರನೇ ತರಗತಿಯವರೆಗೆ ಕಾದರೆ ಒಂದು ವರ್ಷ ಕಳೆದಂತೆ. ಆರು ವರ್ಷ ತುಂಬಿಯೇ ಸೇರಿದ ಮಕ್ಕಳಾದರೆ ಮೂರನೇ ತರಗತಿಗೆ ಕಾಲಿಡುವಾಗ ಪ್ರತಿಯೊಬ್ಬರಿಗೂ ಎಂಟು ತುಂಬಿರುತ್ತದೆ. ಆರು ವರ್ಷದ ನಿಯಮದಿಂದ ಇಂಥದೊಂದು ಅನುಕೂಲವೂ ಇದೆ ಎಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ.

ಇಲ್ಲಿಯೇ ಇನ್ನೊಂದು ಮಾತನ್ನು ತಂದೆ-ತಾಯಿಯರಿಗೆ ಕೈಮುಗಿದು ಹೇಳುತ್ತೇನೆ. ಶಾಲೆಗೆ ಸೇರಿಸುವ ಆತುರದಲ್ಲಿ ಹುಟ್ಟಿದ ದಿನವನ್ನು ದಯವಿಟ್ಟು ತಿದ್ದಿಸಬೇಡಿ. ಮುಂದೆ ಮಗುವನ್ನು ತಜ್ಞರ ಬಳಿಗೆ ಕರೆದೊಯ್ದಾಗ, ಅವರು ಮಗುವಿನ ಉತ್ತರಗಳನ್ನು ತೂಗುವುದು ಆ ವಯಸ್ಸಿನ ಇತರ ಮಕ್ಕಳ ಜೊತೆಗೆ. ಕಾಗದದ ಮೇಲೆ ಎಂಟು, ನಿಜದಲ್ಲಿ ಏಳು ಎಂದಾದರೆ ತಕ್ಕಡಿಯೇ ತಪ್ಪು. ಇಲ್ಲದ ನ್ಯೂನತೆ ಅಲ್ಲಿಯೂ ಕಾಣಿಸಿಕೊಳ್ಳಬಹುದು.

ಶಿಕ್ಷಕ ಬಂಧುಗಳು ಏನು ಮಾಡಬಹುದು? ದೊಡ್ಡ ಉಪಕರಣಗಳೇನೂ ಬೇಡ. ಜೂನ್ ತಿಂಗಳಲ್ಲಿ ಹಾಜರಿ ಪುಸ್ತಕ ತೆರೆದಾಗ ಪ್ರತಿ ಮಗುವಿನ ಹೆಸರಿನ ಪಕ್ಕದಲ್ಲಿ ಅದರ ವಯಸ್ಸನ್ನು ವರ್ಷ, ತಿಂಗಳುಗಳ ಸಹಿತ ಬರೆದುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಜನವರಿ, ಫೆಬ್ರವರಿಯಿಂದ ಮೇ, ಹೀಗೆ ಮೂರು ಗುಂಪು. ಮೊದಲನೆಯವರು ದೊಡ್ಡವರು, ಕೊನೆಯವರು ಚಿಕ್ಕವರು. ಯಾವುದೇ ಮಗು ಹಿಂದೆ ಬಿದ್ದಂತೆ ಕಂಡರೆ ಮೊದಲು ಅದನ್ನು ಅದರ ಗುಂಪಿನವರೊಂದಿಗೆ ಹೋಲಿಸಿ. ಮೇ ತಿಂಗಳ ಮಗು ಜೂನ್ ತಿಂಗಳ ಮಗುವಿಗಿಂತ ಹಿಂದಿದ್ದರೆ ಆಶ್ಚರ್ಯವಿಲ್ಲ. ಆರು ವರ್ಷದ ಬದುಕಿನಲ್ಲಿ ಹನ್ನೊಂದು ತಿಂಗಳು ಎಂದರೆ ಅಲ್ಪ ಕಾಲವಲ್ಲ. ತನ್ನ ಗುಂಪಿನವರಿಗಿಂತಲೂ ಹಿಂದಿದ್ದರೆ ಅದು ಯೋಚಿಸುವ ವಿಷಯ. ದೊಡ್ಡವರ ಗುಂಪಿನ ಮಗು ಚಿಕ್ಕವರ ಜೊತೆ ಸರಿಸಮವಾಗಿದೆ ಎಂದರೆ, ಅದು ಸರಿಯಾಗಿದೆ ಎಂದುಕೊಳ್ಳಬೇಡಿ. ನನ್ನ ತರಗತಿಯ ಆ ಹುಡುಗಿಯನ್ನು ನೆನಪಿಸಿಕೊಳ್ಳಿ. ಮಗು ಬಾಯಿಪಾಠ ಹೇಳುತ್ತಿದೆಯೇ, ಓದುತ್ತಿದೆಯೇ ಎಂಬುದನ್ನು ತಿಳಿಯಲು ಕಾಣದ ಪುಸ್ತಕವೊಂದನ್ನು ಕೈಗೆ ಕೊಟ್ಟರೆ ಸಾಕು.

ಎರಡನೆಯದು, ಕಣ್ಣು ಮತ್ತು ಕಿವಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗೆ ಒಂದು ಬಾರಿ ಬರಬೇಕು. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ದೃಷ್ಟಿ, ಶ್ರವಣಗಳ ಜೊತೆ ಕಲಿಕೆಯ ತೊಡಕೂ ಇದೆ. ತಂಡ ಬಂದ ದಿನ ನಿಮ್ಮ ಅನುಮಾನದ ಮಕ್ಕಳ ಪಟ್ಟಿ ವಯಸ್ಸಿನ ಸಮೇತ ಸಿದ್ಧವಾಗಿರಲಿ.

ಮೂರನೆಯದು, ಹೆಸರಿಡುವ ಮೊದಲು ನೆರವು ಕೊಡಿ. ದಿನಕ್ಕೆ ಇಪ್ಪತ್ತು ನಿಮಿಷ, ಮೂರು ನಾಲ್ಕು ತಿಂಗಳು, ಆ ಮಗುವಿಗೆ ಎಡವುವ ಕಡೆಯೇ ಕಲಿಸಿ. ಪದವನ್ನು ಚಪ್ಪಾಳೆ ತಟ್ಟಿ ಬಿಡಿಸುವುದು, ಮರಳಿನ ಮೇಲೆ ಬೆರಳಲ್ಲಿ ಅಕ್ಷರ ತೀಡುವುದು, ಒಂದು ಕಾಗುಣಿತವನ್ನು ಪದಗಳಲ್ಲಿ ಹುಡುಕುವುದು. ಬರಿಯ ಚಿಕ್ಕತನವಾದರೆ ಮಗು ಬೇಗನೆ ಚೇತರಿಸಿಕೊಂಡು ಜೊತೆಗೂಡುತ್ತದೆ. ಇಷ್ಟು ಕಲಿಸಿದ ಮೇಲೂ ನಿನ್ನೆ ಓದಿದ ಅಕ್ಷರ ಇಂದು ಹೊಸದಾಗಿ ಕಂಡರೆ, ಬಾಯಲ್ಲಿ ಹೇಳುವುದಕ್ಕೂ ಬರೆಯುವುದಕ್ಕೂ ಅಜಗಜಾಂತರವಿದ್ದರೆ, ಮನೆಯಲ್ಲಿ ಇನ್ನೊಬ್ಬರಿಗೂ ಇಂಥದೇ ತೊಡಕಿದ್ದರೆ, ಆಗ ತಡಮಾಡಬಾರದು. ಕ್ಷೇತ್ರ ಸಂಪನ್ಮೂಲ ಕೇಂದ್ರದ ವಿಶೇಷ ಶಿಕ್ಷಕರನ್ನು ಕಾಣಿ. ಜಿಲ್ಲಾ ಕೇಂದ್ರದ ವೈದ್ಯರು, ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಇವೆಲ್ಲ ಇರುವುದು ನಮ್ಮಂಥವರ ಮಕ್ಕಳಿಗಾಗಿಯೇ.

ನಮ್ಮ ನಲಿಕಲಿ ತರಗತಿಯನ್ನೂ ಇಲ್ಲಿ ನೆನೆಯಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ವಿಧಾನ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವ್ಯಾಪಿಸಿತು. ಇದರಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕೂತು, ಪ್ರತಿಯೊಬ್ಬರೂ ತಮ್ಮದೇ ವೇಗದಲ್ಲಿ ಕಲಿಕೆಯ ಏಣಿ ಹತ್ತುತ್ತಾರೆ. ಚಿಕ್ಕ ಮಗುವಿಗೆ ಇದು ದೊಡ್ಡ ರಕ್ಷಣೆ. ಅದನ್ನು ಯಾರೂ ಪಕ್ಕದವನ ಜೊತೆ ಹೋಲಿಸುವುದಿಲ್ಲ. ಆದರೆ ಇದರಲ್ಲೂ ಒಂದು ಅಪಾಯವಿದೆ. ನಿಜವಾದ ತೊಡಕಿರುವ ಮಗು ಒಂದೇ ಮೆಟ್ಟಿಲಿನಲ್ಲಿ ಸದ್ದಿಲ್ಲದೆ ಕೂತುಬಿಡಬಹುದು. ಆದ್ದರಿಂದ ಮಗು ಯಾವ ಮೆಟ್ಟಿಲಲ್ಲಿದೆ ಎಂಬುದರ ಜೊತೆಗೆ, ಆ ಮೆಟ್ಟಿಲಲ್ಲಿ ಎಷ್ಟು ವಾರದಿಂದ ಇದೆ ಎಂಬುದನ್ನೂ ಬರೆದಿಡುವುದು ಒಳ್ಳೆಯದು.

ಕೊನೆಯದಾಗಿ ತಂದೆ-ತಾಯಿಯರಿಗೆ ಒಂದು ಮಾತು. ಮಗು ಓದಿನಲ್ಲಿ ಹಿಂದಿದೆ ಎಂದು ಯಾರಾದರೂ ಹೇಳಿದರೆ ಎರಡು ಪ್ರಶ್ನೆ ಕೇಳಿ. "ಮೇಷ್ಟ್ರೇ, ತರಗತಿಯಲ್ಲಿ ಇವನ ವಯಸ್ಸಿನವರು 어ಷ್ಟು ಓದುತ್ತಾರೆ?" ಎಂಬುದು ಒಂದು. "ನೆರವು ಕೊಟ್ಟ ಮೇಲೆ ಇವನಲ್ಲಿ ಏನು ಬದಲಾಯಿತು?" ಎಂಬುದು ಇನ್ನೊಂದು. ಇವೆರಡಕ್ಕೂ ಉತ್ತರ ಸಿಗುವವರೆಗೆ ಮಗುವಿಗೆ ಯಾವ ಹೆಸರನ್ನೂ ಅಂಟಿಸಲು ಬಿಡಬೇಡಿ. "ದೊಡ್ಡವನಾದ ಮೇಲೆ ತಾನೇ ಸರಿಹೋಗುತ್ತಾನೆ" ಎಂದು ಯಾರಾದರೂ ಸಮಾಧಾನ ಹೇಳಿದರೆ, ಎಂಟು ವರ್ಷದ ಗಡಿಯನ್ನು ನೆನಪಿಡಿ. ಅದನ್ನು ದಾಟಿಯೂ ಓದು ಬಾರದಿದ್ದರೆ ಬರಿಯ ಸಮಾಧಾನ ಸಾಲದು, ತಪಾಸಣೆ ಆಗಲೇಬೇಕು.

ಹಿಂದಿನ ಮೇಷ್ಟ್ರು ಒಮ್ಮೆ ಕಿವಿ ಮುಟ್ಟಿಸಿ ನೋಡಿ ಸುಮ್ಮನಾಗುತ್ತಿದ್ದರು, ಅವರಿಗೆ ಅಷ್ಟೇ ಸಾಧನ ಇತ್ತು. ನಮಗೆ ತಾರೀಖಿದೆ, ಪರೀಕ್ಷೆಗಳಿವೆ, ಕಾಯಿದೆಯಿದೆ. ಇಷ್ಟಿದ್ದೂ ಒಬ್ಬ ಹುಡುಗ ಹಲ್ಲು ಬೀಳುವ ಮೊದಲೇ ದಡ್ಡನೆನಿಸಿಕೊಳ್ಳುವುದು, ಒಬ್ಬ ಹುಡುಗಿ ಐದನೇ ತರಗತಿಯವರೆಗೆ ಓದದೆಯೇ ಓದಿದಂತೆ ನಟಿಸಬೇಕಾಗಿ ಬರುವುದು ಇನ್ನು ಮುಂದೆ ಆಗಬಾರದು. ನಾಳೆ ಬೆಳಿಗ್ಗೆ ಶಾಲೆಯ ದಾಖಲಾತಿ ಪುಸ್ತಕವನ್ನು ಒಮ್ಮೆ ತೆರೆದು, ನಿಮಗೆ ಚಿಂತೆ ತಂದಿರುವ ಮಗುವಿನ ಹುಟ್ಟಿದ ದಿನವನ್ನು ನೋಡಿ ಎಂದು ಕೋರುತ್ತೇನೆ.